ಹಳೆಯ ಜೀಪಿನ ಬ್ರೇಕು

ಮಲೆನಾಡಿನ ತೋಟದ ಮನೆಗಳಲ್ಲಿ ಒಂದು ಕಾಲಕ್ಕೆ ಜೀಪು ಮನೆಯ ಆಳಿನಂತೆ ದುಡಿಯುತ್ತಿತ್ತು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪಿನ ವಂಶಕ್ಕೆ ಸೇರಿದ ಸಿಜೆ-3ಬಿ ಮಾದರಿಯನ್ನು ಮಹೀಂದ್ರ ಸಂಸ್ಥೆಯು ದಶಕಗಳ ಕಾಲ ನಮ್ಮ ದೇಶದಲ್ಲಿ ತಯಾರಿಸಿತು. ತೀರ್ಥಹಳ್ಳಿಯ ಸಮೀಪದ ಅಡಿಕೆ ಕೃಷಿಕರೊಬ್ಬರ ಮನೆಯಲ್ಲಿ 1968ರ ಅಂಥದೊಂದು ಜೀಪು ಕೊಟ್ಟಿಗೆಯ ಮೂಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಿಂತಿತ್ತು. 2022ರಲ್ಲಿ ಅವರು ಅದನ್ನು ದಿನಬಳಕೆಗೆ ಸಿದ್ಧಪಡಿಸಲು ನಿರ್ಧರಿಸಿದರು.

ಚಾಲಕನ ಆಸನದ ಕೆಳಗಿರುವ ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದಿತ್ತು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಕೆಡಿಸುವುದರಿಂದ ಕೊಳವೆಗಳನ್ನೆಲ್ಲ ಬದಲಿಸಬೇಕಾಯಿತು. ಅರ್ಧ ಶತಮಾನ ದಾಟಿದ ವಾಹನಗಳಿಗೆ 2021ರ ನಿಯಮದಂತೆ ದೊರೆಯುವ 'ವಿಂಟೇಜ್' ನೋಂದಣಿಯನ್ನು ಮಾಡಿಸಿಕೊಳ್ಳಿರೆಂದು ಮಿತ್ರರು ಸೂಚಿಸಿದರು. ಆದರೆ ಆ ನೋಂದಣಿಯ ವಾಹನವನ್ನು ಪ್ರದರ್ಶನ, ರ್‍ಯಾಲಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. "ಹಳ್ಳಿಯಲ್ಲಿ ಯಾರು ಕೇಳುತ್ತಾರೆ?" ಎಂಬ ಮಾತಿಗೆ ಅವರು ಒಪ್ಪಲಿಲ್ಲ. ತೆರಿಗೆ, ದಂಡಗಳನ್ನು ಕಟ್ಟಿ, ಸಾಮಾನ್ಯ ನೋಂದಣಿಯನ್ನೇ ನವೀಕರಿಸುವ ದೀರ್ಘ ಮಾರ್ಗವನ್ನು ಹಿಡಿದರು.

ಒಂದು ಮಧ್ಯಾಹ್ನ ಮೆಕ್ಯಾನಿಕ್ ಹಿಂದಿನ ಎಡಚಕ್ರದ ಡ್ರಮ್ ಬಿಚ್ಚಿದನು. ಒಳಗೆ ಬ್ರೇಕ್ ಆಯಿಲ್ ಸೋರಿ ಕಪ್ಪುಗಟ್ಟಿದ ಕಲೆಯಿತ್ತು. ಅದನ್ನು ಕಂಡೊಡನೆ ಕೃಷಿಕರು ಅಲ್ಲಿಯೇ ಕುಳಿತುಬಿಟ್ಟರು.

1989ರಲ್ಲಿ ಅವರಿಗೆ ಹನ್ನೊಂದು ವರ್ಷ. ಪ್ರತಿದಿನ ಬೆಳಿಗ್ಗೆ ತಂದೆ ಬ್ರೇಕ್ ಆಯಿಲ್ ತುಂಬುವಾಗ ಡಬ್ಬಿ ಹಿಡಿಯುವುದು ಅವರ ಕೆಲಸವಾಗಿತ್ತು. ಸೋರುತ್ತಿದೆಯೆಂಬುದು ತಂದೆಗೂ ಗೊತ್ತು, ಮಗನಿಗೂ ಗೊತ್ತು. ಕೊಯ್ಲು ಮುಗಿಯಲಿ, ರಿಪೇರಿ ಮಾಡಿಸೋಣವೆಂದು ದಿನ ನೂಕುತ್ತಿದ್ದರು. ಆ ಕಾಲದ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಜಾಲ. ಒಂದೆಡೆ ಒತ್ತಡ ತಪ್ಪಿದರೆ ಎಲ್ಲೆಡೆಯೂ ತಪ್ಪಿದಂತೆಯೇ. ಒಂದು ದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಜೀಪು ದರೆಗೆ ಗುದ್ದಿ ನಿಂತಿತು. ಹಿಂದೆ ಕುಳಿತಿದ್ದ ತೋಟದ ಕೆಲಸಗಾರನ ಕಾಲು ಮುರಿದು, ಅವನು ಜೀವಮಾನವಿಡೀ ಕುಂಟುವಂತಾಯಿತು. ತಂದೆ ಆಸ್ಪತ್ರೆಯ ಖರ್ಚನ್ನೆಲ್ಲ ಕೊಟ್ಟರು. ಸೋರಿಕೆಯ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಜೀಪು ಕೊಟ್ಟಿಗೆ ಸೇರಿತು. ಊರಿನವರ ಬಾಯಲ್ಲಿ ಅದು ಆಕಸ್ಮಿಕವಾಗಿಯೇ ಉಳಿಯಿತು.

ಕೊಲ್ಲುವ ಅಥವಾ ನೋಯಿಸುವ ಇಚ್ಛೆ ಇಲ್ಲದಿದ್ದರೂ ಪ್ರಮಾದವು ಹಿಂಸೆಗೆ ದಾರಿಯಾಗುತ್ತದೆಂದು ಬಾಲ್ಯದಿಂದ ಕೇಳಿದ್ದ ಮಾತು, ಆ ಕಲೆಯ ಮುಂದೆ ಅವರಿಗೆ ಮೊದಲ ಸಲ ಅರ್ಥವಾಯಿತು.

ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆಬೇರೆಯಾಗಿ ಒತ್ತಡ ನೀಡುವ ಜೋಡಿ ಮಾಸ್ಟರ್ ಸಿಲಿಂಡರನ್ನು ಅವರು ಹಾಕಿಸಿದರು. ಮೂಲ ರೂಪ ಕೆಟ್ಟಿತೆಂದು ಹಳೆಯ ವಾಹನಗಳ ಅಭಿಮಾನಿಯೊಬ್ಬರು ಮರುಗಿದರು. "ಇದರಲ್ಲಿ ಜನ ಕೂರುತ್ತಾರೆ" ಎಂದಷ್ಟೇ ಅವರು ಉತ್ತರಿಸಿದರು.

ತಪಾಸಣೆಯಲ್ಲಿ ಉತ್ತೀರ್ಣವಾದ ಮರುದಿನ ಅವರು ಜೀಪಿನಲ್ಲಿಯೇ ಆ ವೃದ್ಧನ ಮನೆಗೆ ಹೋದರು. ಜಗಲಿಯ ಮೇಲೆ ಕುಳಿತು, ಆಯಿಲ್ ಡಬ್ಬಿಯಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳಿದರು. ತಂದೆಯ ಪರವಾಗಿ ಸಮಜಾಯಿಷಿ ಕೊಡಲಿಲ್ಲ. ತಾವು ಬಾಲಕನಾಗಿದ್ದೆನೆಂಬ ನೆಪವನ್ನೂ ಒಡ್ಡಲಿಲ್ಲ.

ವೃದ್ಧನು ಬಹಳ ಹೊತ್ತು ಅಂಗಳದಲ್ಲಿದ್ದ ಜೀಪನ್ನೇ ನೋಡುತ್ತಿದ್ದನು. ಬಳಿಕ ಹೇಳಿದನು: "ನಂಗೆ ಆವಾಗಲೇ ಗೊತ್ತಿತ್ತು, ಸಣ್ಣಯ್ಯ. ಅವತ್ತು ಬೆಳಿಗ್ಗೆ ನಿಮ್ಮ ಕೈಲಿ ಡಬ್ಬಿ ನೋಡಿದ್ದೆ. ದೊಡ್ಡಯ್ಯ ಬಂದು ಹೇಳ್ತಾರೇನೋ ಅಂತ ಕಾದೆ."

ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊರಡುವಾಗ ಅವನು ಕೋಲೂರಿಕೊಂಡು ಅಂಗಳಕ್ಕೆ ಇಳಿದು ಬಂದು, ಬಾಗಿ, ಹಿಂದಿನ ಎಡಚಕ್ರದ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದನು. ಬೆರಳು ಒಣಗಿತ್ತು.

ಈಗ ಪ್ರತಿ ಬೆಳಿಗ್ಗೆ ಜೀಪು ಹತ್ತುವ ಮುನ್ನ ಆ ಕೃಷಿಕರೂ ಹಾಗೆಯೇ ಬಾಗಿ ಸವರಿ ನೋಡುತ್ತಾರೆ.