ಕಂಬಿ, ಕೇಬಲ್ಲು, ಗ್ರೀಸಿನ ಡಬ್ಬಿ

(1/3)

ಮೊದಲನೇ ಫೋಟೋ ನಮ್ಮೂರಿನದೇ. ಶಿವಗಂಗೆ ಬೆಟ್ಟದ ಕಡಿದಾದ ಜಾಗದಲ್ಲಿ ಬಂಡೆಗೆ ನೆಟ್ಟಿರೋ ಕಬ್ಬಿಣದ ಕಂಬಿ. ಹತ್ತೋರ ಕೈ ತಾಗೋ ಕಡೆ ನೋಡಿ, ಬೆಳ್ಳಿ ಥರ ಹೊಳೀತಿದೆ. ಈಗ ಸ್ವಲ್ಪ ಝೂಮ್ ಮಾಡಿ ಬುಡ ನೋಡಿ. ಕಂಬಿ ಕಲ್ಲಿನೊಳಗೆ ಇಳಿಯೋ ಕಡೆ ಮಳೆನೀರು ನಿಂತು ಕೆಂಪಗೆ ತುಕ್ಕು. ಹಿಡಿಯೋ ಜಾಗ ಯಾವತ್ತೂ ಮೊದಲು ಹಾಳಾಗಲ್ಲ. ಯಾರೂ ಮುಟ್ಟದ ಜಾಗ ಹಾಳಾಗುತ್ತೆ.

ದಾಬಸ್‌ಪೇಟೆಯಲ್ಲಿ ನಮ್ಮಪ್ಪಂದು ಗೇಟು, ಗ್ರಿಲ್ಲು ಮಾಡೋ ವೆಲ್ಡಿಂಗ್ ಅಂಗಡಿ ಇತ್ತು. ಗಿರಾಕಿ ಬಂದು "ಎಷ್ಟಾಗುತ್ತೆ?" ಅಂದ್ರೆ ಅಪ್ಪ ಎರಡು ಲೆಕ್ಕ ಹೇಳೋರು. ಗೇಟಿಗೆ ಇಷ್ಟು, ಆಮೇಲೆ ಮೂರು ವರ್ಷಕ್ಕೊಂದ್ಸಲ ಉಜ್ಜಿ ಬಣ್ಣ ಹೊಡೆಯೋಕೆ ಇಷ್ಟು ಅಂತ. ಎರಡನೇ ಲೆಕ್ಕ ಬರೆದುಕೊಂಡ ಗಿರಾಕೀನ ನಾನು ನೋಡೇ ಇಲ್ಲ. ಈ ಬುದ್ಧಿ ನನಗೂ ಅಂಟಿದೆ. ಎಲ್ಲಿ ತೂಗು ಸೇತುವೆಗೆ ಹೋದ್ರೂ ಹೊಳೆ ನೋಡೋಕಿಂತ ಮೊದಲು ಬೋಲ್ಟು ನೋಡ್ತೀನಿ.

ಬೆಂಗಳೂರಿನವರಿಗೆ ತೂಗು ಸೇತುವೆ ಅಂದ್ರೆ ಕೆ.ಆರ್.ಪುರದ್ದು. ಅದು ನಿಜವಾಗಿ ತೂಗು ಸೇತುವೆ ಅಲ್ಲ. ಅಲ್ಲಿ ಕಂಬದಿಂದಲೇ ಕೇಬಲ್ಲು ಓರೆಯಾಗಿ ಇಳಿದು ರಸ್ತೇನ ಹಿಡಿದಿದೆ. ಕಳೆದ ವರ್ಷ, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಶುರುವಾದ ಸಿಗಂದೂರು ಸೇತುವೇನೂ ಕೇಬಲ್ ಸೇತುವೆಯೇ. ಸುಮಾರು 470 ಕೋಟಿ ರೂಪಾಯಿ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗಿನಿಂದ ಲಾಂಚಿಗೆ ಕಾದವರು ಆ ದುಡ್ಡು ಜಾಸ್ತಿ ಅನ್ನಲ್ಲ, ನಾನೂ ಅನ್ನಲ್ಲ.

ತೂಗು ಸೇತುವೆ ಬೇರೆ ಜಾತಿ. ಮನೆ ಹಿಂದೆ ಬಟ್ಟೆ ಒಣಗಿಸೋ ಹಗ್ಗ ನೆನಪು ಮಾಡ್ಕೊಳ್ಳಿ. ಎರಡು ಕಂಬ, ನಡುವೆ ಹಗ್ಗ. ಒದ್ದೆ ಬಟ್ಟೆ ಹಾಕಿದ್ರೆ ಕಂಬ ಎರಡೂ ಒಳಕ್ಕೆ ಬಾಗುತ್ತೆ. ಬಾಗಬಾರದು ಅಂದ್ರೆ ಹಿಂದಕ್ಕೆ ಇನ್ನೊಂದು ಹಗ್ಗ ಎಳೆದು ಗೂಟಕ್ಕೆ ಕಟ್ಟಬೇಕು. ಸೇತುವೇಲಿ ಆ ಗೂಟದ ಜಾಗಕ್ಕೆ ಮಣ್ಣೊಳಗೆ ಹೂತ ಕಾಂಕ್ರೀಟ್ ದಿಮ್ಮಿ. ಹೊಳೆ ನಡುವೆ ಕಂಬ ಬೇಡ, ನೀರೊಳಗೆ ಪಾಯ ತೋಡೋ ಖರ್ಚಿಲ್ಲ. ಅಗ್ಗ ಆಗೋದು ಇದೇ ಕಾರಣಕ್ಕೆ.

(2/3)

ಈ ಅಗ್ಗದ ಲೆಕ್ಕವನ್ನ ನಮ್ಮ ರಾಜ್ಯಕ್ಕೆ ಮಾಡಿ ತೋರಿಸಿದವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು, ಸುಳ್ಯದಲ್ಲಿ ವರ್ಕ್‌ಶಾಪ್ ಇಟ್ಟಿದ್ದವರು. ಸಿವಿಲ್ ಇಂಜಿನಿಯರ್ ಅಲ್ಲ ಅನ್ನೋದು ನನಗಂತೂ ಖುಷಿ ವಿಷಯ, ನಮ್ಮಪ್ಪನ ಕಸುಬಿನ ಕಡೆಯವರು! 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗು ಸೇತುವೆ ಕಟ್ಟಿದ್ರು. ಊರವರೂ ಕೈ ಜೋಡಿಸಿದ್ರು. ಆಮೇಲೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಸೇರಿ ನೂರಕ್ಕೂ ಹೆಚ್ಚು. 2017ರಲ್ಲಿ ಪದ್ಮಶ್ರೀ ಬಂತು. ಕಾಂಕ್ರೀಟ್ ಸೇತುವೆಗೆ ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿದ ಊರುಗಳಿಗೆ ಕೆಲವೇ ತಿಂಗಳಲ್ಲಿ ನಡೆಯೋ ದಾರಿ ಸಿಕ್ತು.

ಎರಡನೇ ಫೋಟೋ ಉಡುಪಿ ಹತ್ತಿರದ ಕೆಮ್ಮಣ್ಣು. ಸ್ವರ್ಣಾ ನದಿ ಮೇಲೆ, ತಿಮ್ಮಣ್ಣ ಕುದ್ರುಗೆ ಹೋಗೋ ತೂಗು ಸೇತುವೆ. ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ. ನಾನು ಹೋದ ದಿನ ಹುಡುಗರ ಗುಂಪೊಂದು ನಡುವೆ ನಿಂತು ಅಲ್ಲಾಡಿಸ್ತಿತ್ತು. ಸಾಮಾನಿನ ಚೀಲ ಹಿಡಿದ ಹೆಂಗಸೊಬ್ಬರು ದಡದಲ್ಲೇ ನಿಂತುಬಿಟ್ರು. ದಾಟಲ್ವಾ ಅಮ್ಮ ಅಂದೆ. "ಅವರದ್ದು ಆಗಲಿ ಮಾರಾಯ್ರೆ. ಅವರು ಕುಣಿದು ಹೋಗ್ತಾರೆ, ನಮಗೆ ನಾಳೆಯೂ ಇದರಲ್ಲೇ ಹೋಗ್ಬೇಕಲ್ವಾ" ಅಂದ್ರು.

ನಾಳೆಯೂ ಹೋಗ್ಬೇಕು ಅಂದ್ರೆ ಏನೇನು ಬೇಕು? ಕೇಬಲ್ಲಿಗೆ ಗ್ರೀಸು. ಕ್ಲ್ಯಾಂಪು, ನಟ್ಟು ಬೋಲ್ಟು ಬಿಗಿ ಮಾಡೋ ಕೈ. ಸವೆದ ಹಲಗೆ ಬದಲಾವಣೆ. ಬಣ್ಣ. ಮಳೆಗಾಲ ಮುಗಿದ ಮೇಲೆ ದಿಮ್ಮಿ ಸುತ್ತ ಮಣ್ಣು ಕೊಚ್ಚಿ ಹೋಗಿದ್ಯಾ ಅಂತ ಒಂದು ನೋಟ. ಯಾವುದೂ ದೊಡ್ಡ ಖರ್ಚಲ್ಲ, ಆದ್ರೆ ಯಾವುದೂ ನಿಲ್ಲೋ ಖರ್ಚೂ ಅಲ್ಲ. ಕಟ್ಟೋದಕ್ಕೆ ಶಾಸಕರ ನಿಧಿ, ಸಂಸದರ ನಿಧಿ ಹುಡುಕಬಹುದು. ಗ್ರೀಸಿನ ಡಬ್ಬಿಗೆ ಯಾವ ನಿಧಿ? ಮನೆ ಕಂದಾಯ ನಂಬಿಕೊಂಡ ಪಂಚಾಯ್ತಿ ಬೀದಿ ದೀಪ, ನೀರಿನ ಮೋಟ್ರು ಮುಗಿಸಿ ಕೊನೆಗೆ ಸೇತುವೆ ಕಡೆ ತಿರುಗಬೇಕು. ಉದ್ಘಾಟನೆ ಕಲ್ಲಿನ ಮೇಲೆ ಹೆಸರು ಸಾಲಾಗಿ ಇರುತ್ತೆ, ಗ್ರೀಸ್ ಹಚ್ಚಿದವನ ಹೆಸರು ಇರೋ ಕಲ್ಲು ನಾನಂತೂ ಕಂಡಿಲ್ಲ.

ಎಷ್ಟು ನೋಡಿಕೊಂಡರೂ ಹೊಳೆ ಕೇಳಲ್ಲ ಅನ್ನೋದೂ ನಿಜ. 2019ರ ಆಗಸ್ಟ್ ನೆರೆಯಲ್ಲಿ ಗಂಗಾವಳಿ ಉಕ್ಕಿ ಅಂಕೋಲಾ ತಾಲ್ಲೂಕಿನ ರಾಮನಗುಳಿ ತೂಗು ಸೇತುವೆ ಕೊಚ್ಚಿಹೋಯ್ತು. ಅಂಥ ದಿನ ಅಗ್ಗದ ಸೇತುವೆಯ ಪೂರ್ತಿ ಬೆಲೆ ಆಚೆ ದಡದ ಮನೆಗಳು ಕೊಡ್ತವೆ. ಶಾಲೆ, ಹಾಲು, ಆಸ್ಪತ್ರೆ ಎಲ್ಲದಕ್ಕೂ ಸುತ್ತು ದಾರಿ.

(3/3)

ಮೂರನೇದಕ್ಕೆ ಫೋಟೋ ಹಾಕಲ್ಲ. ಗುಜರಾತಿನ ಮೋರ್ಬಿ. 1879ರ ಸೇತುವೆ. ದುರಸ್ತಿ ಮುಗೀತು ಅಂತ 2022ರ ಅಕ್ಟೋಬರ್ 26ಕ್ಕೆ ತೆರೆದ್ರು. 30ರ ಸಂಜೆ ಬಿತ್ತು. 135 ಜನ ಸತ್ರು, ಅದರಲ್ಲಿ ಎಷ್ಟೋ ಮಕ್ಕಳು. ತನಿಖಾ ತಂಡದ ವರದಿ ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಬೀಳೋ ಮೊದಲೇ ತುಂಡಾಗಿದ್ದಿರಬಹುದು ಅಂತಿದೆ. ಕೇಬಲ್ಲಿಗೂ ನಡೆಯೋ ಹಾಸಿಗೂ ನಡುವಿನ ಹಳೇ ತೂಗು ಸರಳುಗಳಿಗೆ ಹೊಸ ಸರಳು ವೆಲ್ಡ್ ಮಾಡಿದ್ರು. ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸು ಹಾಕಿದ್ರು. ಕಣ್ಣಿಗೆ ಕಾಣೋದೆಲ್ಲ ಹೊಸದು, ಭಾರ ಹೊರೋದು ಹಳೇದು.

ತುಕ್ಕು ತಿಂದ ಸರಳಿಗೆ ಹೊಸದು ಬೆಸೆದ್ರೆ ಬೆಸುಗೆ ಪಕ್ಕದಲ್ಲೇ ಕಿತ್ಕೊಳ್ಳುತ್ತೆ ಅಂತ ನಮ್ಮಂಗಡಿ ಹೆಲ್ಪರ್ ಹುಡುಗನಿಗೂ ಗೊತ್ತಿತ್ತು. ಅಪ್ಪ ಹಳೇ ಗೇಟನ್ನ ಹಂಗೆ ರಿಪೇರಿ ಮಾಡಿಕೊಡಿ ಅಂದ್ರೆ ವಾಪಸ್ ಕಳಿಸೋರು. ಗೇಟು ಬಿದ್ರೆ ಕಾಲಿನ ಮೇಲೆ ಬೀಳುತ್ತೆ ಅಷ್ಟೆ. ಆದ್ರೂ ಕಳಿಸೋರು.

ಎರಡನೇ ಲೆಕ್ಕ ಬರೆದಿಟ್ಟುಕೊಂಡವರೂ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ 1937ರಲ್ಲಿ ತೆರೀತು. 3.5 ಕೋಟಿ ಡಾಲರ್ ಬಾಂಡ್ ಸಾಲ. 1971ರಲ್ಲಿ ಸಾಲ ತೀರೋ ಹೊತ್ತಿಗೆ ಬಡ್ಡಿಯೇ ಸುಮಾರು 3.9 ಕೋಟಿ ಡಾಲರ್ ಆಗಿತ್ತು, ಅಸಲಿಗಿಂತ ಜಾಸ್ತಿ! ಎಲ್ಲಾ ಟೋಲ್ ದುಡ್ಡು. ಸಾಲ ತೀರಿದ ಮೇಲೂ ಟೋಲ್ ನಿಲ್ಲಿಸಲಿಲ್ಲ. ಅದೇ ದಶಕದಲ್ಲಿ 250 ಜೊತೆ ತೂಗು ಹಗ್ಗಗಳನ್ನೂ ಬದಲಾಯಿಸಿದ್ರು. ಬಣ್ಣ ಹೊಡೆಯೋರು ಇವತ್ತಿಗೂ ಸಂಬಳದ ಮೇಲೆ ಇದ್ದಾರೆ. ಕೆಮ್ಮಣ್ಣಿನಲ್ಲಿ ಚೀಲ ಹಿಡಿದು ನಿಂತಿದ್ದ ಆ ಅಮ್ಮನ ಹತ್ತಿರ ಟೋಲ್ ಕೇಳಿ ಅಂತ ನಾನು ಹೇಳ್ತಿಲ್ಲ. ರೀಲ್ಸ್ ಮಾಡೋಕೆ ಬರೋ ನನ್ನಂಥವರ ಹತ್ತಿರ ಇಪ್ಪತ್ತು ರೂಪಾಯಿ ತಗೊಳ್ಳಿ, ಆದ್ರೆ ಅದು ಗ್ರೀಸಿಗೇ ಹೋಯ್ತು ಅಂತ ಪಂಚಾಯ್ತಿ ಬೋರ್ಡಲ್ಲಿ ಬರೀರಿ. ಮೋರ್ಬೀಲೂ ಟಿಕೆಟ್ ಇತ್ತು ಅನ್ನೋದು ಮರೀಬೇಡಿ.

ಮುಂದಿನ ಸಲ ಯಾವುದಾದ್ರೂ ತೂಗು ಸೇತುವೆಗೆ ಹೋದ್ರೆ ನಡುವೆ ನಿಂತು ಸೆಲ್ಫಿ ತಗೊಳ್ಳೋಕಿಂತ ಮೊದಲು ದಡದಲ್ಲಿ ಕೇಬಲ್ಲು ಮಣ್ಣಿಗೆ ಇಳಿಯೋ ಜಾಗಕ್ಕೆ ಹೋಗಿ. ಅಲ್ಲಿ ಗಿಡ ಬೆಳೆದಿದ್ಯಾ, ನೀರು ನಿಂತಿದ್ಯಾ, ಗ್ರೀಸು ಕೈಗೆ ಅಂಟುತ್ತಾ? ಒಂದು ಫೋಟೋ ತೆಗೆದು ಆ ಪಂಚಾಯ್ತಿ ಪಿಡಿಒಗೆ ಕಳಿಸಿ, ತಾರೀಖು ಹಾಕಿ. ನನಗೂ ಟ್ಯಾಗ್ ಮಾಡಿ.

#ಶಿವಗಂಗೆ #ತೂಗುಸೇತುವೆ #ಎರಡನೇಲೆಕ್ಕ