ಹಸಿವು ಬಂದ ಹೊತ್ತು

ಅಪ್ಪ ತೀರಿಕೊಂಡಾಗ ಅಕ್ಕ ಸೆಕೆಂಡ್ ಪಿಯುಸಿ, ನಾನು ಎಂಟನೇ ಕ್ಲಾಸು. ಆರ್.ಟಿ. ನಗರದ ಬಾಡಿಗೆ ಮನೆಯ ಅಡ್ವಾನ್ಸ್ ಕರಗತೊಡಗಿತ್ತು. ಪರೀಕ್ಷೆ ಮುಗಿದ ವಾರವೇ ಅಕ್ಕ ಗಾರ್ಮೆಂಟ್ಸಿಗೆ ಸೇರಿದಳು. ನಾನು ಓದುತ್ತಾ ಹೋಗಿ ಬಿ.ಎಸ್ಸಿ. ಸೇರಿದೆ. ಮನೆಗೆ ಬಂದವರೆಲ್ಲ "ನಿಮ್ಮಕ್ಕನದು ತ್ಯಾಗ ಕಣೋ" ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಕಾಲೇಜಿನಲ್ಲಿ ಜೀವಕೋಶದ ಪಾಠ ಬಂತು. ನಾವೆಲ್ಲ ಒಂದೇ ಕೋಶದಿಂದ ಶುರುವಾದವರು. ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಕೆಲವು ನರವಾಗುತ್ತವೆ, ಕೆಲವು ಚರ್ಮವಾಗುತ್ತವೆ. ಹೆಚ್ಚುಕಮ್ಮಿ ಎಲ್ಲದರೊಳಗೂ ಅವೇ ಜೀನುಗಳು. ಯಾವುದು ಎಲ್ಲಿ ಎಚ್ಚರವಾಗಿದೆ ಎಂಬುದಷ್ಟೇ ಬೇರೆ. ಹಾಗಾದರೆ ಯಾರು ಏನಾಗಬೇಕೆಂದು ಯಾವುದು ತೀರ್ಮಾನಿಸುತ್ತದೆ?

ಉತ್ತರದ ಒಂದು ತುಣುಕು ಮನೆಯ ಹತ್ತಿರವೇ ಸಿಕ್ಕಿತು. ಮೇಖ್ರಿ ಸರ್ಕಲ್ ದಾಟಿ ಹೋದರೆ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಡಿಕ್ಟಿಯೋಸ್ಟೀಲಿಯಂ ಎಂಬ ಮಣ್ಣಿನ ಅಮೀಬಾವನ್ನು. ಬ್ಯಾಕ್ಟೀರಿಯಾ ತಿಂದು, ಒಂದು ಎರಡಾಗುತ್ತಾ, ಒಂಟಿಯಾಗಿ ಬದುಕುವ ಜೀವಿ. ಆಹಾರ ಮುಗಿದಾಗ ರಾಸಾಯನಿಕದ ಮೂಲಕ ಒಂದನ್ನೊಂದು ಕರೆದು ಸಾವಿರಗಟ್ಟಲೆ ಗುಂಪುಗೂಡುತ್ತವೆ. ಒಂದೆರಡು ಮಿಲಿಮೀಟರ್ ಎತ್ತರಕ್ಕೆ ಪುಟ್ಟ ಗಿಡದಂತೆ ಎದ್ದು ನಿಲ್ಲುತ್ತವೆ. ಸುಮಾರು ಶೇ. 20ರಷ್ಟು ಕೋಶಗಳು ಕಾಂಡವಾಗಿ ಸಾಯುತ್ತವೆ. ಉಳಿದವು ಅದರ ತುದಿಯಲ್ಲಿ ಬೀಜಕಗಳಾಗಿ ಒಳ್ಳೆಯ ದಿನಕ್ಕೆ ಕಾಯುತ್ತವೆ.

ಕಾಂಡವಾಗುವವರು ಯಾರು? ಜೀನುಗಳು ಒಂದೇ ಆಗಿದ್ದರೂ, ಹಸಿವು ಬಂದಾಗ ಆ ಕೋಶ ವಿಭಜನೆಯ ಯಾವ ಘಟ್ಟದಲ್ಲಿತ್ತು, ಮೊದಲು ಎಷ್ಟು ಉಂಡಿತ್ತು, ಒಳಗೆ ಕ್ಯಾಲ್ಸಿಯಂ ಎಷ್ಟಿತ್ತು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಎಂಟನೇ ಕ್ಲಾಸಿನ ಆ ವರ್ಷ.

ರಾತ್ರಿ ಅಕ್ಕನಿಗೆ ಹೇಳಿದೆ. ಅವಳು ನಾಳೆಯ ಡಬ್ಬಿಗೆ ಹುರುಳಿಕಾಯಿ ಮುರಿಯುತ್ತಿದ್ದಳು.

"ಅಪ್ಪ ಇನ್ನೊಂದು ಮೂರು ವರ್ಷ ಇದ್ದಿದ್ರೆ ನಾನೂ ಡಿಗ್ರಿ ಮುಗಿಸ್ತಿದ್ದೆ. ತ್ಯಾಗ ಗೀಗ ಅನ್ಬೇಡ. ನನ್ನ ಯಾರು ಕೇಳಿದ್ರು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಅಮೀಬಾ ಸತ್ತೋಯ್ತು. ನಾನಿನ್ನೂ ಇದೀನಲ್ಲೋ" ಅಂದಳು.

ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಅವಳನ್ನು ಕೇಳಿದೆ: "ಈಗ ಓದ್ತೀಯಾ?" ಅವಳು ಉತ್ತರಿಸಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತಂದು ಫ್ರಿಜ್ಜಿನ ಮೇಲಿಟ್ಟೆ. ನಿನ್ನೆ ನೋಡಿದೆ. ಫೀಸು ಕಟ್ಟುವ ಕೊನೆಯ ತಾರೀಕಿಗೆ ಯಾರೋ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಆ ಪೆನ್ನು ನನ್ನದಲ್ಲ.