ಬಂಪರಿನ ನಡುವಿನ ತೇಪೆ

ನಮ್ಮ ಮನೆಯ ದೇವರ ಕೋಣೆಯ ಹೊರಗೋಡೆಯ ಗೂಡಿನಲ್ಲಿ ಅಂಗೈಯಗಲದ ಒಂದು ಕಪ್ಪುಬಿಳುಪು ಫೋಟೋ ಇದೆ. ಚಾಮರಾಜಪೇಟೆಯ ಹಳೆಯ ಬಾಡಿಗೆ ಮನೆಯ ಮುಂದೆ ತೆಗೆದದ್ದು. ಕಾರೊಂದರ ಬಾನೆಟ್ಟಿನ ಮೇಲೆ ಎರಡು ವರ್ಷದ ಮಗು ಕೂತಿದೆ. ಜಾರಿ ಬಿದ್ದೀತೆಂದು ಅದರ ಸೊಂಟ ಹಿಡಿದು ನಿಂತಾಕೆ ನನ್ನ ಅಜ್ಜಿ, ಅಪ್ಪನ ತಾಯಿ. ಫೋಟೋ ತೆಗೆದವರಿಗೆ ಕಾರಿನ ಮೇಲೆ ಅಂಥ ಪ್ರೀತಿಯೇನೂ ಇದ್ದಂತಿಲ್ಲ, ಅರ್ಧ ಕಾರನ್ನು ಕತ್ತರಿಸಿಬಿಟ್ಟಿದ್ದಾರೆ. ಬೆನ್ನಲ್ಲಿ ಪೆನ್ಸಿಲಿನಿಂದ ಒಂದು ಹೆಸರು ಬರೆದಿದೆ. ಅದು ಅಪ್ಪನ ಅಣ್ಣನ ಹೆಸರು. ಎರಡೂವರೆ ವರ್ಷಕ್ಕೇ ಜ್ವರ ಬಂದು ತೀರಿಕೊಂಡ ಮಗು.

ಅಪ್ಪ ಹುಟ್ಟಿದ್ದು 1948ರಲ್ಲಿ. ಮೂರು ತುಂಬುವುದರೊಳಗೆ ಅಜ್ಜಿಯೂ ಹೋದರು. ಆಮೇಲೆ ಅಪ್ಪನನ್ನು ಸಾಕಿದ್ದು ತುಮಕೂರಿನಿಂದ ಬಂದ ಅವರ ಸೋದರತ್ತೆ. ಅಪ್ಪನಿಗೆ ತಾಯಿಯ ಮುಖ ನೆನಪಿಲ್ಲ, ಈ ಫೋಟೋದಲ್ಲಿ ಕಂಡಷ್ಟೇ. ನಾನು ಚಿಕ್ಕವನಿದ್ದಾಗ ಒಮ್ಮೆ ಅದನ್ನು ಒರೆಸುತ್ತಾ, "ಅವನಿಗಾದರೂ ಅಮ್ಮನ ಜೊತೆ ಒಂದು ಫೋಟೋ ಇದೆ" ಎಂದಿದ್ದರು. ಆ ಮಾತಿಗೆ ಏನು ಹೇಳಬೇಕೆಂದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು.

ಕಾರಿನ ಹುಚ್ಚು ನನಗೆ ಹತ್ತಿದ್ದು ಗಾಂಧಿಬಜಾರಿನಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ. ಶಾಲೆ ಬಿಟ್ಟ ಮೇಲೆ ನಾಲ್ಕೈದು ಹುಡುಗರು ಒಂದು ಮೋಟುಗೋಡೆಯ ಮೇಲೆ ಕೂರುತ್ತಿದ್ದೆವು. ದೂರದಲ್ಲಿ ಕಾರು ಕಂಡರೆ, ಅದು ವಿದ್ಯಾರ್ಥಿ ಭವನವನ್ನು ದಾಟುವ ಮೊದಲು ಅದರ ಹೆಸರು ಹೇಳಬೇಕು. ಸೋತವನು ಗೆದ್ದವನಿಗೆ ಕಡಲೆಕಾಯಿ ಕೊಡಿಸಬೇಕು. ಅಂಬಾಸಿಡರ್, ಫಿಯೆಟ್ ಎಂದರೆ ಅಂಕವಿಲ್ಲ, ಅವನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾವ ಅಂಬಾಸಿಡರ್, ಯಾವ ಫಿಯೆಟ್ ಎಂದು ಹೇಳಬೇಕು. ಫಿಯೆಟ್ ಹಳೆಯದಾಗಿದ್ದರೆ ಮುಂದಿನ ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆಯುತ್ತದೆ, ಕೀಲು ಹಿಂಬದಿಗಿರುತ್ತದೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಬಾನೆಟ್ ಮಾತ್ರವಲ್ಲ, ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಬಂದರಂತೂ ಹಬ್ಬ. ಅದನ್ನು ಹಿಂದಿನಿಂದ ನೋಡಬೇಕು. ಹಿಂಗಾಜು ಎರಡು ಹೋಳಾಗಿದ್ದರೆ 1953ಕ್ಕೆ ಮೊದಲಿನದು, ಮೊಟ್ಟೆಯಾಕಾರದ ಒಂದೇ ಗಾಜಾದರೆ 1957ರವರೆಗಿನದು, ಅಗಲವಾದ ಚೌಕದ ಗಾಜಾದರೆ ಅದರ ನಂತರದ್ದು. ಇಷ್ಟು ಶ್ರದ್ಧೆಯನ್ನು ಬೀಜಗಣಿತದ ಮೇಲೆ ತೋರಿಸಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಆ ಮಾತು ಬಿಡಿ.

ಇಷ್ಟೆಲ್ಲ ಬಲ್ಲ ನಾನು ನಮ್ಮ ಮನೆಯ ಫೋಟೋದಲ್ಲಿದ್ದ ಕಾರನ್ನು ಮಾತ್ರ ಸರಿಯಾಗಿ ನೋಡಿರಲೇ ಇಲ್ಲ. "ಅದು ಡಾಕ್ಟರ ಬೇಬಿ ಆಸ್ಟಿನ್" ಎಂದು ಆ ಅಜ್ಜಿ, ಅಂದರೆ ಅಪ್ಪನ ಸೋದರತ್ತೆ, ಹೇಳುತ್ತಿದ್ದರು. ಮನೆಯ ಹಿರಿಯರು ಹೇಳಿದ ಮೇಲೆ ಮುಗಿಯಿತು. ಕಳೆದ ವರ್ಷ ಎರಡನೇ ಪಿಯುಸಿ ಓದುತ್ತಿದ್ದ ನನ್ನ ಮಗಳು ರಜೆಯಲ್ಲಿ ಮನೆಯ ಹಳೆಯ ಫೋಟೋಗಳಿಗೆಲ್ಲ ಶೀರ್ಷಿಕೆ ಬರೆಯಲು ಕೂತಳು. ಈ ಫೋಟೋಗೆ ನಾನು "ಆಸ್ಟಿನ್ ಸೆವೆನ್, ಸುಮಾರು 1944" ಎಂದು ಹೇಳಿ ಬರೆಸಿದೆ. ಆಕೆ ಬರೆಯಲಿಲ್ಲ. ತನ್ನ ಫೋನಿಗೆ ಅದನ್ನು ತೋರಿಸಿದಳು. ಅದು ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು ಹೆಸರು ಹೇಳಿತು. ನನಗೆ ಒಳಗೊಳಗೇ ಸಂತೋಷವಾಯಿತು.

ಆದರೆ ಹುಡುಗಿ ಬಿಡಲಿಲ್ಲ. "ಅಪ್ಪ, ಆಸ್ಟಿನ್ ಸೆವೆನ್ ಯಾವಾಗಿನದು?" ಎಂದಳು. 1922ರಿಂದ 1939ರವರೆಗೆ ಎಂದೆ. "ಹಾಗಾದರೆ ಅದರ ಮಡ್‌ಗಾರ್ಡ್ ಬೇರೆ, ಮೈ ಬೇರೆ ಇರಬೇಕಲ್ಲ? ಹೆಡ್‌ಲೈಟ್ ಕಂಬದ ಮೇಲೆ ನಿಂತಹಾಗೆ ಇರಬೇಕಲ್ಲ? ಇಲ್ಲಿ ಎಲ್ಲಾ ಒಂದರೊಳಗೊಂದು ಸೇರಿಕೊಂಡಿದೆ."

ಭೂತಗನ್ನಡಿ ತಂದು ನೋಡಿದೆ. ಹೌದು. ಹಿಂದಿನ ವರ್ಷ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹದಲ್ಲಿ ಇದನ್ನೇ ನಾನು ಅವಳಿಗೆ ತೋರಿಸಿದ್ದೆ. ಇಪ್ಪತ್ತು ಮೂವತ್ತರ ದಶಕದ ಕಾರುಗಳಲ್ಲಿ ದೀಪ, ಮಡ್‌ಗಾರ್ಡ್, ಕಾಲಿಡುವ ಫುಟ್‌ಬೋರ್ಡ್ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಯುದ್ಧದ ಹೊತ್ತಿಗೆ, ಅದರ ನಂತರ, ಅವೆಲ್ಲ ಒಂದೊಂದಾಗಿ ಕಾರಿನ ಮೈಯೊಳಗೆ ಕರಗಿಹೋಗುತ್ತವೆ. ಫೋಟೋ ನೋಡಿ ಕಾರಿನ ಕಾಲ ಹೇಳಲು ಹೊರಟವರು ಮೊದಲು ನೋಡಬೇಕಾದ್ದು ಇದನ್ನೇ. ಕಂಪನಿಯ ಲಾಂಛನವನ್ನು ಆಮೇಲೆ ನೋಡಿದರಾಯಿತು. ಲಾಂಛನ ಕಳಚಿ ಬಿದ್ದಿರಬಹುದು, ಇನ್ನೊಂದನ್ನು ತಂದು ಹಾಕಿರಬಹುದು. ನಂಬರ್ ಪ್ಲೇಟು ನೋಡಬೇಕು, ಮೈಸೂರು ರಾಜ್ಯದ ಕಾಲದ ಗಾಡಿಗಳಲ್ಲಿ 'ಎಂವೈ' ಎಂದು ಶುರುವಾಗುವ ಸಂಖ್ಯೆ ಸಾಮಾನ್ಯ. ನಮ್ಮ ಫೋಟೋದಲ್ಲಿ ಪ್ಲೇಟಿಗೆ ಅಜ್ಜಿಯ ಸೆರಗು ಅಡ್ಡ ಬಂದಿತ್ತು.

ಫೋಟೋವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎನ್ನಿ. ಮಲ್ಲೇಶ್ವರದ ಗೆಳೆಯನೊಬ್ಬ ತನ್ನ ತಾತನ ಮದುವೆಯ ಫೋಟೋ ತಂದು, ಸ್ಟೇರಿಂಗು ಎಡಕ್ಕಿದೆ, ಇದು ಅಮೆರಿಕದಿಂದ ಹಾಗೇ ಬಂದ ಕಾರು ಎಂದು ವಾದಿಸಿದ್ದ. ನಾವೂ ತಲೆದೂಗಿದ್ದೆವು. ಕೊನೆಗೆ ನೋಡಿದರೆ ಕೋಟು ತೊಟ್ಟ ಬೀಗರೆಲ್ಲರ ಎದೆಜೇಬೂ ಬಲಗಡೆಗಿತ್ತು. ಸ್ಟುಡಿಯೋದವರು ನೆಗೆಟಿವನ್ನು ತಿರುವುಮುರುವು ಇಟ್ಟು ಮುದ್ರಿಸಿದ್ದರು.

ನಾವಿಬ್ಬರೂ ಫೋಟೋವನ್ನು ದೊಡ್ಡದು ಮಾಡಿಸಿಕೊಂಡು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ಹೋದೆವು. ಎಪ್ಪತ್ತೈದು ದಾಟಿದ ಮನುಷ್ಯ. ಕನ್ನಡಕ ಏರಿಸಿ ಅರ್ಧ ನಿಮಿಷ ನೋಡಿದರು.

"ಮೈನರ್ ಸಾರ್. ಮಾರಿಸ್ ಮೈನರ್."

ನಾನು ಒಪ್ಪಲಿಲ್ಲ. ನಾನು ಕಂಡ ಮಾರಿಸ್ ಮೈನರುಗಳಿಗೆಲ್ಲ ದೀಪ ಮೇಲೆ, ಮಡ್‌ಗಾರ್ಡಿನ ನೆತ್ತಿಯಲ್ಲಿರುತ್ತಿತ್ತು. ಇಲ್ಲಿ ದೀಪ ಕೆಳಗೆ, ಜಾಲರಿಯ ಪಕ್ಕದಲ್ಲೇ ಕೂತಿದೆ.

"ಅದು ಆಮೇಲಿಂದು ಸಾರ್. ಮೊದಲು ಬಂದಿದ್ದಕ್ಕೆ ದೀಪ ಕೆಳಗೇ ಇತ್ತು. ಗಾಜು ನೋಡಿ, ಮಧ್ಯೆ ಪಟ್ಟಿ ಇದೆ, ಎರಡು ಹೋಳು." ಆಮೇಲೆ ಮಗಳ ಕಡೆ ತಿರುಗಿ, "ಅಮ್ಮಾ, ನಿನ್ನ ಕಣ್ಣು ಚೆನ್ನಾಗಿದೆ. ಬಂಪರ್ ಮಧ್ಯದಲ್ಲಿ ಏನಾದರೂ ತೇಪೆ ಕಾಣಿಸುತ್ತಾ ನೋಡು" ಎಂದರು.

ಕಾಣಿಸಿತು. ಅಂಗಿಗೆ ತೇಪೆ ಹಾಕಿದ ಹಾಗೆ ಬಂಪರಿನ ನಡುವೆ ಒಂದು ಚೂರು ಸೇರಿಸಿತ್ತು.

ಆ ತೇಪೆಯ ಹಿಂದೆ ಒಂದು ಕಥೆಯಿದೆ. ಮೈನರಿನ ವಿನ್ಯಾಸಕಾರ ಅಲೆಕ್ ಇಸಿಗೋನಿಸ್. ಮುಂದೆ ಮಿನಿ ಕಾರು ಮಾಡಿದ್ದೂ ಈತನೇ. ಮೈನರಿನ ತಯಾರಿಗೆ ಎಲ್ಲ ಸಿದ್ಧವಾದ ಮೇಲೆ ಈತನಿಗೆ ಕಾರು ಇಕ್ಕಟ್ಟಾಯಿತು ಎನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಹೋಳುಗಳನ್ನು ಸರಿಸಿ ಸರಿಸಿ ನೋಡಿದ. 4 ಅಂಗುಲ ದೂರವಾದಾಗ ಕಣ್ಣಿಗೆ ಹಿತವೆನಿಸಿತು. ಅಷ್ಟು ಅಗಲ ಹೆಚ್ಚಿಸಿದರು. ಬಾನೆಟ್ಟಿನ ನಡುವೆ ಅದಕ್ಕಾಗಿಯೇ ಒಂದು ಪಟ್ಟಿ ಉಳಿಯಿತು. ಆದರೆ ಬಂಪರುಗಳು ಆಗಲೇ ತಯಾರಾಗಿ ರಾಶಿ ಬಿದ್ದಿದ್ದವು. ಎಸೆಯುವುದು ಹೇಗೆ? ಮಧ್ಯಕ್ಕೆ ಕತ್ತರಿಸಿ, 4 ಅಂಗುಲದ ತುಂಡು ಸೇರಿಸಿ, ಮೊದಮೊದಲ ಕಾರುಗಳಿಗೆ ಅದನ್ನೇ ಹಾಕಿದರು. ನಮ್ಮ ಮನೆಯ ಹೆಂಗಸರು ಹಳೆಯ ಲಂಗಕ್ಕೆ ಅಂಚು ಕೊಟ್ಟು ಉದ್ದ ಮಾಡುತ್ತಿದ್ದರಲ್ಲ, ಹಾಗೆ. ದೀಪ ಮೇಲೇರಿದ್ದು ಅಮೆರಿಕದವರ ಕಾನೂನಿನಿಂದ. ಅಲ್ಲಿ ದೀಪ ಇಷ್ಟು ಎತ್ತರದಲ್ಲಿರಬೇಕು ಎಂಬ ನಿಯಮವಿತ್ತು. ಅಲ್ಲಿಗೆ ಹೋಗುವ ಕಾರುಗಳಿಗೆ ಮೊದಲು, 1951ರ ಹೊತ್ತಿಗೆ ಎಲ್ಲಕ್ಕೂ ದೀಪ ಮೇಲೆ ಹೋಯಿತು. 1956ರಲ್ಲಿ ಮುಂಗಾಜೂ ಒಂದೇ ಹೋಳಾಯಿತು. ನಮ್ಮಲ್ಲಿ ಹಿಂದುಸ್ಥಾನ್ ಮೋಟಾರ್ಸಿನವರು ಇದೇ ಕಾರನ್ನು 'ಬೇಬಿ ಹಿಂದುಸ್ಥಾನ್' ಎಂದು ಮಾರಿದರು. ಆ 'ಬೇಬಿ'ಯೇ ಸೋದರತ್ತೆಯ ಬಾಯಲ್ಲಿ ಬೇಬಿ ಆಸ್ಟಿನ್ ಆಗಿತ್ತೋ ಏನೋ. ಆ ಕಾಲದವರಿಗೆ ಸಣ್ಣ ಕಾರೆಲ್ಲ ಬೇಬಿ ಆಸ್ಟಿನ್ನೇ.

ಇಷ್ಟು ತಿಳಿದು, ಮೇಸ್ತ್ರಿ ಕೊಟ್ಟ ಚಹಾ ಕುಡಿದು, ಆಟೋ ಹತ್ತಿದೆವು. ಟೌನ್‌ಹಾಲ್ ದಾಟುವಾಗ ಮಗಳು ಕೇಳಿದಳು: "ಮಾರಿಸ್ ಮೈನರ್ ಮೊದಲು ಬಂದಿದ್ದು ಯಾವಾಗ?"

"1948. ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ..." ಎನ್ನುತ್ತಿದ್ದವನು ನಿಲ್ಲಿಸಿದೆ.

ಮನೆಗೆ ಬಂದು ತಾತನ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿದೆ. ಹಾಲಿನ ಲೆಕ್ಕ, ಬಾಡಿಗೆ, ಹುಟ್ಟು, ಸಾವು ಎಲ್ಲವನ್ನೂ ಅವರು ಪಂಚಾಂಗದ ಅಂಚಿನಲ್ಲೇ ಬರೆಯುತ್ತಿದ್ದರು. ದೊಡ್ಡ ಮಗ ತೀರಿಕೊಂಡದ್ದು ಪಾರ್ಥಿವ ಸಂವತ್ಸರದ ಪಂಚಾಂಗದಲ್ಲಿತ್ತು. ಅಂದರೆ 1945. ಅಪ್ಪ ಹುಟ್ಟಿದ ಸರ್ವಧಾರಿ ಸಂವತ್ಸರದ್ದೂ ಸಿಕ್ಕಿತು. ಮಗು ತೀರಿಕೊಂಡು ಮೂರು ವರ್ಷವಾದ ಮೇಲೆ ತಯಾರಾದ ಕಾರಿನ ಮೇಲೆ ಆ ಮಗು ಕೂರುವುದು ಹೇಗೆ? ಬಾನೆಟ್ಟಿನ ಮೇಲೆ ಕೂತಿದ್ದದ್ದು ಅಪ್ಪ. 1950ನೆಯ ಇಸವಿಯ, ಎರಡು ವರ್ಷದ ಅಪ್ಪ. ಅಜ್ಜಿ ಹೋದ ಮೇಲೆ ಬಂದ ಸೋದರತ್ತೆಗೆ ಟ್ರಂಕಿನಲ್ಲಿ ಫೋಟೋ ಸಿಕ್ಕಿದೆ. ಯಾರೋ ಕೇಳಿರಬೇಕು, ಆಕೆ ತನಗೆ ತೋಚಿದ ಹೆಸರು ಬರೆದಿಟ್ಟರು. ತಾತ ಯಾಕೆ ತಿದ್ದಲಿಲ್ಲವೋ. ಹೆಂಡತಿ ಹೋದ ಮೇಲೆ ಅವರು ಆ ಗೂಡಿನ ಕಡೆ ನೋಡುತ್ತಿರಲಿಲ್ಲವಂತೆ.

ಅಪ್ಪನಿಗೆ ಹೇಳುವುದು ಹೇಗೆಂದು ಎರಡು ದಿನ ಯೋಚಿಸಿದೆ. ಎಪ್ಪತ್ತಾರು ದಾಟಿದವರು, ಹೃದಯಕ್ಕೆ ಮಾತ್ರೆ ನುಂಗುವವರು. ಕೊನೆಗೆ ಹೇಳಿದವಳು ಮಗಳೇ. ರಾತ್ರಿ ಊಟವಾದ ಮೇಲೆ ತಾತನ ಪಕ್ಕ ಕೂತು ದೀಪ, ಗಾಜು, ಬಂಪರಿನ ತೇಪೆ, ಎರಡು ಪಂಚಾಂಗ ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿದಳು. ಅಪ್ಪ ಭೂತಗನ್ನಡಿ ಇಸಿದುಕೊಂಡರು. ಕಾರಿನ ಕಡೆ ಅವರು ನೋಡಲೇ ಇಲ್ಲ. ಮಗುವಿನ ಸೊಂಟದ ಮೇಲಿದ್ದ ಕೈಯ ಮೇಲೆ ಗಾಜು ಹಿಡಿದು ಬಹಳ ಹೊತ್ತು ಕೂತರು.

"ಬಳೆ ಎಷ್ಟಿವೆ ಎಣಿಸಮ್ಮ, ನನಗೆ ಸರಿಯಾಗಿ ಕಾಣಿಸ್ತಿಲ್ಲ" ಎಂದರು.

ಮಗಳು ಎಣಿಸಿ ಆರು ಎಂದಳು. ಆಮೇಲೆ ರಬ್ಬರು ತಂದು, ಫೋಟೋ ತಿರುಗಿಸಿ, ಬೆನ್ನಲ್ಲಿದ್ದ ಹೆಸರನ್ನು ಅಳಿಸಿ ತಾತನ ಹೆಸರು ಬರೆಯಲು ಹೋದಳು. ಅಪ್ಪ ಅವಳ ಕೈ ಹಿಡಿದುಕೊಂಡರು.

"ಬೇಡ ಪುಟ್ಟಿ. ಅವನದು ಅಂತ ಇದ್ದದ್ದು ಇದೊಂದೇ. ಇರಲಿ. ಕೆಳಗೆ ಜಾಗ ಇದೆಯಲ್ಲ, ನನ್ನದನ್ನ ಅಲ್ಲಿ ಬರೆ."